ಶಿಷ್ಯನಿಗೆ ತಿಳಿದಿರಬೇಕಾದುದು

ಕಂದಾಯ ಇಲಾಖೆಯ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದು ಎರಡು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಪ್ರತ್ಯೇಕಿಸಲಾಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ಈ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಎಷ್ಟನೇ ಸ್ಥಾನ, ಶೇಕಡ ಎಷ್ಟು, ಕಳೆದ ಸಲಕ್ಕಿಂತ ಮೇಲೋ ಕೆಳಗೋ ಎಂಬ ಚರ್ಚೆ ನಾಲ್ಕು ದಿನ ನಡೆಯುತ್ತದೆ. ಮಗು ಏನನ್ನು ಕಲಿಯಬೇಕು ಎಂಬುದಕ್ಕೆ ಅಲ್ಲಿ ಪಠ್ಯಪುಸ್ತಕವಿದೆ. ಕಲಿತಿತೇ ಎಂದು ನೋಡುವುದಕ್ಕೆ ಪರೀಕ್ಷೆಯಿದೆ. ಕೊನೆಗೆ ಕೈಗೊಂದು ಅಂಕಪಟ್ಟಿಯೂ ಬರುತ್ತದೆ. ಕ್ರೈಸ್ತ ಶಿಷ್ಯನ ವಿಷಯದಲ್ಲಿ ಈ ಮೂರರ ಗತಿ ಏನು?

ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವರು ಕೊರಟಗೆರೆ ಕಡೆಯ ಒಬ್ಬ ತಾಯಿ. ಅವರ ಊರಿನಲ್ಲಿ ಕಥೋಲಿಕರದು ಒಂದೇ ಮನೆ. ಬೆಳಗಿನ ಜಾವಕ್ಕೆ ಎದ್ದು, ಅಡಿಗೆ ಮುಗಿಸಿ, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ವಾಹನ ಹಿಡಿದರೆ ಅವರು ಮನೆ ಸೇರುವುದು ಕತ್ತಲಾದ ಮೇಲೆ. "ಸ್ವಾಮಿ, ನೀವು ತಿಂಗಳಿಗೊಮ್ಮೆ ಬರುತ್ತೀರಿ. ಉಳಿದ ದಿನಗಳಲ್ಲಿ ಈ ಮಕ್ಕಳಿಗೆ ನಾನೇ ಉಪದೇಶಿ. ಏನೇನು ಗೊತ್ತಿರಬೇಕು ಅಂತ ಒಂದು ಚೀಟಿ ಬರೆದುಕೊಡಿ, ಗೋಡೆಗೆ ಅಂಟಿಸಿಕೊಳ್ಳುತ್ತೇನೆ" ಎಂದರು. ನಾನು ಬರೆದುಕೊಟ್ಟೆ. ಶಿಲುಬೆಯ ಗುರುತು, ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ, ಹತ್ತು ಕಟ್ಟಳೆಗಳು, ಏಳು ಸಂಸ್ಕಾರಗಳು, ಜಪಮಾಲೆಯ ರಹಸ್ಯಗಳು. ಪುಟದ ಒಂದು ಬದಿ ತುಂಬಿತು. ಅದರಲ್ಲಿ ಬೇಡವಾದದ್ದು ಯಾವುದೂ ಇರಲಿಲ್ಲ. ಇನ್ನೊಂದು ಬದಿಯಲ್ಲಿ ಏನು ಬರೆಯಬಹುದಿತ್ತು ಎಂಬ ಯೋಚನೆ ಮಾತ್ರ ಆಮೇಲೆಯೂ ನನ್ನ ಜೊತೆ ಪ್ರಯಾಣ ಮಾಡಿತು.

ಮೊದಲು ಶಬ್ದವನ್ನೇ ನೋಡೋಣ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಿಷ್ಯನಿಗೆ 'ಮಥೇತೆಸ್' ಎಂಬ ಪದವಿದೆ. ಕಲಿಯುವವನು ಎಂಬುದೇ ಅದರ ಅರ್ಥ. ಲತೀನಿನ 'ದಿಶಿಪುಲುಸ್' ಎಂಬುದರ ಭಾವವೂ ಅದೇ. ನಮ್ಮ 'ಶಿಷ್ಯ' ಶಬ್ದವಂತೂ ಉಪದೇಶ ಪಡೆಯತಕ್ಕವನು ಎಂದೇ ಸಂಸ್ಕೃತದಿಂದ ಬಂದಿದೆ. ಮೂರು ಭಾಷೆಗಳಲ್ಲಿಯೂ ಈ ಪದ ಕಲಿತು ಮುಗಿಸಿದವನನ್ನು ಸೂಚಿಸುವುದಿಲ್ಲ. ಕ್ರೈಸ್ತರು ಎಂಬ ಹೆಸರಾದರೋ ಅಂತಿಯೋಕ್ಯ ನಗರದಲ್ಲಿ ನಂತರ ಬಂದದ್ದು. ಅದಕ್ಕೂ ಮೊದಲು ನಮ್ಮವರನ್ನು ಶಿಷ್ಯರು ಎಂದೇ ಕರೆಯುತ್ತಿದ್ದರೆಂಬುದನ್ನು ಪ್ರೇಷಿತರ ಕಾರ್ಯಕಲಾಪಗಳ ಹನ್ನೊಂದನೆಯ ಅಧ್ಯಾಯ ದಾಖಲಿಸುತ್ತದೆ. ಆದರೆ ನಮ್ಮಲ್ಲಿ ನಡೆಯುವುದೇನು? ಪ್ರಥಮ ಪರಮಪ್ರಸಾದಕ್ಕೆ ಒಂದಿಷ್ಟು ಕಲಿಕೆ, ದೃಢೀಕರಣಕ್ಕೆ ಇನ್ನೊಂದಿಷ್ಟು, ಮದುವೆಗೆ ಮುನ್ನ ಎರಡು ಮೂರು ದಿನದ ತರಬೇತಿ. ಅಲ್ಲಿಗೆ ಶಿಷ್ಯತ್ವದ ಅಂಕಪಟ್ಟಿ ಕೈಸೇರಿದಂತೆ. ಹದಿನೈದನೆಯ ವಯಸ್ಸಿನ ತಿಳಿವಳಿಕೆಯಿಂದ ಐವತ್ತನೆಯ ವಯಸ್ಸಿನ ಕಷ್ಟಗಳನ್ನು ಎದುರಿಸಲು ಹೊರಡುತ್ತೇವೆ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಹಿಡಿದು ಯಾರಾದರೂ ಶಸ್ತ್ರಚಿಕಿತ್ಸೆ ಮಾಡುತ್ತಾರೆಯೇ?

ಕಂಠಪಾಠದ ವಿಷಯದಲ್ಲಿ ಒಂದು ಮಾತನ್ನು ಹೇಳಿಬಿಡುತ್ತೇನೆ. ಮಂತ್ರಗಳನ್ನು ಗಿಣಿಪಾಠ ಮಾಡಿಸುವುದರಲ್ಲಿ ಏನಿದೆ, ಪ್ರೀತಿಯೊಂದಿದ್ದರೆ ಸಾಕು ಎನ್ನುವವರು ನಮ್ಮ ಗುರುವರ್ಗದಲ್ಲಿಯೂ ಇದ್ದಾರೆ. ಆ ವಾದವನ್ನು ನಾನು ಒಪ್ಪುವುದಿಲ್ಲ. ಮಾತು ನಿಂತುಹೋದ ವೃದ್ಧೆಯೊಬ್ಬರ ಹಾಸಿಗೆಯ ಬಳಿ ಕುಳಿತು ನಾನು ನಮೋ ಮರಿಯಾ ಆರಂಭಿಸಿದಾಗ, ಮಕ್ಕಳ ಹೆಸರನ್ನೂ ಮರೆತಿದ್ದ ಆ ತುಟಿಗಳು ಉತ್ತರಾರ್ಧವನ್ನು ತಪ್ಪಿಲ್ಲದೆ ಹಿಂಬಾಲಿಸಿದವು. ಎಳವೆಯಲ್ಲಿ ಬಾಯಿಗೆ ಬಂದದ್ದು ಕೊನೆಗೆ ಕೈ ಹಿಡಿಯುತ್ತದೆ. ಊರು ಬಿಟ್ಟು ಬೆಂಗಳೂರಿನ ಕೋಣೆಯೊಂದರಲ್ಲಿ ನಾಲ್ವರೊಡನೆ ಬಾಡಿಗೆಗಿರುವ ಯುವಕನಿಗೂ ಹಾಗೆಯೇ. ನೀವು ಮೂವರು ದೇವರನ್ನು ಪೂಜಿಸುತ್ತೀರಂತೆ, ಹೌದೇ ಎಂದು ಪಕ್ಕದವನು ಸ್ನೇಹದಿಂದಲೇ ಕೇಳಿದಾಗ, ವಿಶ್ವಾಸ ಸಂಗ್ರಹದ ಅರ್ಥ ತಿಳಿದಿದ್ದರೆ ಅವನು ತಡವರಿಸುವುದಿಲ್ಲ. ತಿಳಿಯದವನು ನಕ್ಕು ಮಾತು ಬದಲಿಸುತ್ತಾನೆ. ಹೀಗೆ ನಾಲ್ಕು ಸಲ ಮಾತು ಬದಲಿಸಿದ ಮೇಲೆ ಭಾನುವಾರದ ಬಲಿಪೂಜೆಯನ್ನೂ ಬದಲಿಸಿಕೊಳ್ಳುತ್ತಾನೆ.

ಆದಕಾರಣ ಚೀಟಿಯ ಮೊದಲ ಬದಿ ಬೇಕೇ ಬೇಕು. ಆದರೆ ಆದಿಸಭೆಯವರು ಆ ಒಂದು ಬದಿಗೆ ತೃಪ್ತರಾಗಲಿಲ್ಲ. ಸಂತ ಹಿಪ್ಪೊಲಿತನ ಹೆಸರಿನಲ್ಲಿ ಉಳಿದುಬಂದಿರುವ 'ಪ್ರೇಷಿತ ಪರಂಪರೆ' ಎಂಬ ಪ್ರಾಚೀನ ಗ್ರಂಥದಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರ ಕ್ರಮವೊಂದಿದೆ. ದೀಕ್ಷಾರ್ಥಿಗಳು ಮೂರು ವರ್ಷ ದೇವರ ವಾಕ್ಯವನ್ನು ಆಲಿಸಬೇಕು. ನಡತೆ ಚೆನ್ನಾಗಿದ್ದರೆ ಆ ಅವಧಿಯನ್ನು ಕಡಿಮೆ ಮಾಡಬಹುದು. ಕೊನೆಯಲ್ಲಿ ಅವರನ್ನು ಆರಿಸುವಾಗ ಕೇಳುತ್ತಿದ್ದ ಪ್ರಶ್ನೆಗಳು ನನ್ನನ್ನು ಸೆಮಿನರಿಯ ದಿನಗಳಿಂದಲೂ ಕಾಡಿವೆ. ಇವರು ವಿಧವೆಯರನ್ನು ಗೌರವಿಸಿದರೇ? ರೋಗಿಗಳನ್ನು ಸಂದರ್ಶಿಸಿದರೇ? ಸತ್ಕಾರ್ಯಗಳನ್ನು ಮಾಡಿದರೇ? ಇದಕ್ಕೆ ಉತ್ತರ ಹೇಳಬೇಕಾದವರು ದೀಕ್ಷಾರ್ಥಿಗಳಲ್ಲ, ಅವರನ್ನು ಕರೆತಂದವರು. ಅಂದರೆ ಪರೀಕ್ಷೆ ವಿದ್ಯಾರ್ಥಿಯದು, ಉತ್ತರ ಪತ್ರಿಕೆ ನೆರೆಯವರ ಕೈಯಲ್ಲಿ.

ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಬರುವ ಜೊಪ್ಪ ಊರಿನ ತಬಿಥಳ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಶಿಷ್ಯ ಎಂಬ ಪದದ ಸ್ತ್ರೀಲಿಂಗ ರೂಪ ಹೊಸ ಒಡಂಬಡಿಕೆಯ ಮೂಲದಲ್ಲಿ ಒಂದೇ ಒಂದು ಸಲ ಬರುತ್ತದೆ. ಅದು ಇವಳಿಗೆ ಸಂದಿದೆ. ಅವಳಿಗೆ ಯಾವ ಯಾವ ಪ್ರಾರ್ಥನೆ ಬರುತ್ತಿತ್ತೆಂದು ಸಂತ ಲೂಕ ಬರೆಯಲಿಲ್ಲ. ಅವಳು ಸತ್ತಾಗ ವಿಧವೆಯರು ಅಳುತ್ತಾ ಬಂದು, ಅವಳು ಹೊಲಿದುಕೊಟ್ಟ ಅಂಗಿ ನಿಲುವಂಗಿಗಳನ್ನು ಸಂತ ಪೇತ್ರನಿಗೆ ತೋರಿಸಿದರೆಂದು ಬರೆದ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತು ಬರುವ ನಮ್ಮ ತಾಯಂದಿರಿಗೆ ಈ ಶಿಷ್ಯೆಯ ಪರಿಚಯವನ್ನು ನಾವು ಎಷ್ಟು ಸಲ ಮಾಡಿಕೊಟ್ಟಿದ್ದೇವೆ?

ಕಲಿಸುವವನ ಪಾಡಿನ ಬಗ್ಗೆಯೂ ಒಂದು ಮಾತು. ಸುಮಾರು 400ನೇ ಇಸವಿಯ ಹೊತ್ತಿಗೆ ಕಾರ್ತೇಜಿನ ದೇವೊಗ್ರಾತಿಯಸ್ ಎಂಬ ಉಪಯಾಜಕನು ಸಂತ ಅಗಸ್ಟೀನನಿಗೆ ತನ್ನ ಸಂಕಟವನ್ನು ತೋಡಿಕೊಂಡ: ಹೊಸಬರಿಗೆ ಉಪದೇಶ ಮಾಡುವಾಗ ತನ್ನ ಮಾತು ತನಗೇ ಬೇಸರ ತರಿಸುತ್ತದೆ. ಅಗಸ್ಟೀನನು ಇದಕ್ಕೆ ಉತ್ತರವಾಗಿ ಒಂದು ಗ್ರಂಥವನ್ನೇ ಬರೆದ. ಅದರಲ್ಲಿ ದೊಡ್ಡ ತತ್ವಗಳ ನಡುವೆ ಒಂದು ಚಿಕ್ಕ ಸಲಹೆಯಿದೆ. ನಿಂತು ಕೇಳುವವನು ದಣಿದಂತೆ ಕಂಡರೆ ಅವನಿಗೆ ಕೂರಲು ಆಸನ ಕೊಡು. ಶಿರಾದ ಕಡಲೆಕಾಯಿ ಹೊಲದಿಂದ ನೇರವಾಗಿ ಬಂದು ಗೋಡೆಗೆ ಒರಗಿ ನಿದ್ದೆ ಹೋಗುವ ನಮ್ಮ ರೈತರನ್ನು ಕಂಡಾಗ ನನಗೆ ಈ ಸಲಹೆ ಬಹಳ ವಿವೇಕದ್ದೆನಿಸುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಉಪದೇಶಿಯು ಮೊದಲು ತಾನೇ ಕಲಿಯಬೇಕಾದದ್ದು ಬಹಳ. ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುವೆ ಆಂಧ್ರದ ನೆಲವನ್ನು ಹಾದುಹೋಗುತ್ತದೆ; ಪಾವಗಡ ತಾಲ್ಲೂಕು ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡೇ ಇಲ್ಲ. ಅಲ್ಲಿ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. 1687ರಿಂದ 1757ರವರೆಗೆ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಶಿರಾದಲ್ಲಿ ಉರ್ದು ಇಂದಿಗೂ ಬೀದಿಯ ಭಾಷೆ. ದುಃಖ ಬಂದಾಗ ಮನುಷ್ಯ ಯಾವ ಭಾಷೆಯಲ್ಲಿ ಅಳುತ್ತಾನೆಂಬುದು ಗೊತ್ತಿಲ್ಲದೆ ಅವನಿಗೆ ಪ್ರಾರ್ಥನೆ ಕಲಿಸಲಾಗದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಮೈಸೂರು ಸೀಮೆಗೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಇದನ್ನು ಬಲ್ಲವರಾಗಿದ್ದರು. ಇಟಲಿಯವರಾದ ಅವರು ಕನ್ನಡವನ್ನು ಕಲಿತು, ಆ ಭಾಷೆಗೆ ವ್ಯಾಕರಣವನ್ನೂ ಶಬ್ದಕೋಶವನ್ನೂ ಬರೆದು, ಧರ್ಮೋಪದೇಶವನ್ನು ಕನ್ನಡದಲ್ಲಿಯೇ ರಚಿಸಿದರು. ಕಲಿಸಲು ಬಂದವರು ಮೊದಲು ಶಿಷ್ಯರಾದರು.

ಇಷ್ಟನ್ನು ಹೇಳಿದ್ದು ಪಾವಗಡದ ಕಡೆಯ ಒಂದು ಮನೆಯ ವಿಚಾರಕ್ಕೆ ಬರುವುದಕ್ಕಾಗಿ.

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಮುತ್ತ ಸುಮಾರು 13,000 ಎಕರೆ ಭೂಮಿಯಲ್ಲಿ ಹರಡಿರುವ ಸೌರವಿದ್ಯುತ್ ಪಾರ್ಕನ್ನು ಓದುಗರಲ್ಲಿ ಹಲವರು ಕಂಡಿರಬಹುದು. 2018ರಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯ ಸುಮಾರು 2,000 ಮೆಗಾವಾಟ್. ಇಲ್ಲಿ ಸರ್ಕಾರ ರೈತರ ಭೂಮಿಯನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಗುತ್ತಿಗೆ ಆರಂಭವಾಯಿತು. ಬರಗಾಲ ಬಂಧುವಿನಂತೆ ಬಂದು ಹೋಗುವ, ಕೊಳವೆಬಾವಿ ಕೊರೆದರೆ ಫ್ಲೋರೈಡ್ ತುಂಬಿದ ನೀರು ಸಿಗುವ ಸೀಮೆಯಲ್ಲಿ ಮಳೆಯ ಹಂಗಿಲ್ಲದೆ ವರ್ಷ ವರ್ಷ ಬರುವ ಹಣ ಎಂದರೆ ಸಣ್ಣ ಮಾತಲ್ಲ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಸಾಲ ತೀರಿದ ಮನೆಗಳನ್ನೂ ಓದು ಮುಂದುವರಿಸಿದ ಹೆಣ್ಣುಮಕ್ಕಳನ್ನೂ ಕಣ್ಣಾರೆ ಕಂಡಿದ್ದೇನೆ. ಆದರೆ ಗುತ್ತಿಗೆಯ ಹಣ ಬರುವುದು ಭೂಮಿ ಇದ್ದವನಿಗೆ. ಆ ಭೂಮಿಯಲ್ಲಿ ಕಳೆ ಕೀಳುತ್ತಿದ್ದವನಿಗೆ, ಕಡಲೆಕಾಯಿ ಬಿಡಿಸುತ್ತಿದ್ದವಳಿಗೆ, ಕುರಿ ಮೇಯಿಸುತ್ತಿದ್ದವನಿಗೆ ಪತ್ರದಲ್ಲಿ ಹೆಸರಿಲ್ಲ.

ಆ ಭಾಗದ ನಮ್ಮ ಒಂದು ಕುಟುಂಬದಲ್ಲಿ ತಿಂಗಳಿಗೊಂದು ಸಂಜೆ ಬೈಬಲ್ ವಾಚನಕ್ಕೆ ಕೂರುತ್ತಿದ್ದೆವು. ಎರಡನೆಯ ವಾತಿಕನ್ ಮಹಾಸಭೆ 1965ರಲ್ಲಿಯೇ ದೈವವಾಕ್ಯವನ್ನು ಕುರಿತ ತನ್ನ ಪ್ರಕಟಣೆಯಲ್ಲಿ ಎಲ್ಲ ವಿಶ್ವಾಸಿಗಳೂ ಪವಿತ್ರಗ್ರಂಥವನ್ನು ಓದಬೇಕೆಂದು ಒತ್ತಾಯಿಸಿತು. ಅರುವತ್ತು ವರ್ಷಗಳಾದ ಮೇಲೂ ನಮ್ಮ ಎಷ್ಟೋ ಮನೆಗಳಲ್ಲಿ ಬೈಬಲ್ ದೇವರ ಪಟದ ಪಕ್ಕದಲ್ಲಿ ಹೂ ಮುಡಿದುಕೊಂಡು ಕುಳಿತಿದೆ. ಅಂದು ಸಂಜೆ ಅತಿ ಶ್ರೇಷ್ಠ ಆಜ್ಞೆ ಯಾವುದು ಎಂದು ಪ್ರಭುವನ್ನು ಕೇಳಿದ ಪ್ರಸಂಗ ಓದಿದೆವು. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸುವುದು ಮೊದಲನೆಯದು, ನೆರೆಯವನನ್ನು ತನ್ನಂತೆಯೇ ಪ್ರೀತಿಸುವುದು ಎರಡನೆಯದು. ಮನೆಯ ಮಗಳು, ಹತ್ತನೆಯ ತರಗತಿಯವಳು, ಎರಡನ್ನೂ ನೋಡದೆ ಒಪ್ಪಿಸಿದಳು. ಎರಡನೆಯ ಆಜ್ಞೆ ಮೂಲದಲ್ಲಿ ಎಲ್ಲಿದೆ ಎಂದು ಕೇಳಿದೆ. ಯಾರಿಗೂ ತಿಳಿಯಲಿಲ್ಲ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ತೆಗೆಸಿದೆ. ನೆರೆಯವನ ಪ್ರೀತಿಯ ಮಾತು ಬರುವುದು ಹದಿನೆಂಟನೆಯ ವಚನದಲ್ಲಿ. ಅದಕ್ಕೂ ಮೊದಲು, ಒಂಬತ್ತನೆಯ ವಚನದಿಂದ, ಬೇರೆ ಏನೋ ಇದೆ: ಕೊಯ್ಲಿನ ಸಮಯದಲ್ಲಿ ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ ಹಕ್ಕಲನ್ನು ಆಯ್ದುಕೊಳ್ಳಬಾರದು, ಅದನ್ನು ಬಡವನಿಗೂ ಪರದೇಶಿಗೂ ಬಿಡಬೇಕು. ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂಬುದೂ ಅದೇ ಪುಟದಲ್ಲಿದೆ. ಪ್ರೀತಿಯ ಆಜ್ಞೆ ಆಕಾಶದಿಂದ ಉದುರಿದ್ದಲ್ಲ. ಹೊಲದ ಬದುವಿನ ಮೇಲೆ ನಡೆದುಕೊಂಡು ಬಂದದ್ದು.

ಮನೆಯ ಯಜಮಾನರು ಬಹಳ ಹೊತ್ತು ಮೌನವಾಗಿದ್ದರು. ಅವರು ಆರು ಎಕರೆ ಗುತ್ತಿಗೆಗೆ ಕೊಟ್ಟವರು. ಕೊನೆಗೆ ಕೇಳಿದರು: "ಸ್ವಾಮಿ, ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ದುಡಿದವನು ಒಬ್ಬನಿದ್ದಾನೆ. ನಮ್ಮ ಸಭೆಯವನಲ್ಲ. ಹೊಲ ಹೋದ ಮೇಲೆ ಅವನಿಗೆ ನಮ್ಮಲ್ಲಿ ಕೆಲಸವಿಲ್ಲ. ನಾನು ಅವನಿಗೆ ಅನ್ಯಾಯ ಮಾಡಿಲ್ಲ, ಕೂಲಿ ಬಾಕಿ ಇಟ್ಟಿಲ್ಲ. ಈಗ ನಮ್ಮ ಹೊಲದಲ್ಲಿ ಬೆಳೆಯುವುದು ಗಾಜಿನ ಹಲಗೆ. ಗಾಜಿನ ಹೊಲಕ್ಕೆ ಅಂಚು ಎಲ್ಲಿದೆ?"

ಸೆಮಿನರಿಯಲ್ಲಿ ನೀತಿಶಾಸ್ತ್ರವನ್ನು ವರ್ಷಗಟ್ಟಲೆ ಓದಿದವನಿಗೂ ಈ ಪ್ರಶ್ನೆ ಹೊಸದು. ಸಿದ್ಧ ಉತ್ತರ ಕೊಡುವ ಅವಸರವನ್ನು ನಾನು ಮಾಡಲಿಲ್ಲ. ಮುಂದಿನ ತಿಂಗಳು ಎಲ್ಲರೂ ರೂತಳ ಗ್ರಂಥ ಓದಿಕೊಂಡು ಬನ್ನಿ ಎಂದಷ್ಟೇ ಹೇಳಿದೆ. ನಾಲ್ಕೇ ಅಧ್ಯಾಯಗಳ ಪುಸ್ತಕ ಅದು. ಮೋವಾಬಿನ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯುತ್ತಾಳೆ. ಬೋವಜನು ಕಟ್ಟಳೆಯ ಅಂಚಿನಲ್ಲಿ ನಿಲ್ಲಲಿಲ್ಲ. ಸಿವುಡುಗಳ ನಡುವೆಯೂ ಅವಳು ಆಯ್ದುಕೊಳ್ಳಲಿ, ಬೇಕೆಂದೇ ಕೆಲವು ತೆನೆಗಳನ್ನು ಬೀಳಿಸಿ ಎಂದು ಆಳುಗಳಿಗೆ ಹೇಳಿದ.

ಎರಡನೆಯ ಸಂಜೆ ಯಜಮಾನರ ತಮ್ಮನೂ ಬಂದಿದ್ದರು. ಅವರ ಭಾಗದ ಭೂಮಿ ಬೇರೆ, ಗುತ್ತಿಗೆ ಬೇರೆ. ಅಂಚು ಎಂದರೆ ಎಷ್ಟು ಎಂಬ ಚರ್ಚೆ ಬಂತು. ಮೋಶೆಯ ಧರ್ಮಶಾಸ್ತ್ರ ಅಳತೆ ಹೇಳುವುದಿಲ್ಲ. ಯೆಹೂದ್ಯ ಗುರುಗಳು ತಮ್ಮ ಮಿಷ್ನಾ ಗ್ರಂಥದಲ್ಲಿ ಅರುವತ್ತರಲ್ಲಿ ಒಂದು ಭಾಗಕ್ಕೆ ಕಡಿಮೆ ಇರಬಾರದೆಂದು ವಿಧಿಸಿದ್ದಾರೆ ಎಂದೆ. ಮಗಳು ತಕ್ಷಣ ನೋಟುಪುಸ್ತಕದ ಹಿಂದೆ ಲೆಕ್ಕ ಮಾಡಿದಳು. ಆರು ಎಕರೆಗೆ 1,26,000. ಅದರಲ್ಲಿ ಅರುವತ್ತನೆಯ ಒಂದು ಭಾಗ 2,100 ರೂಪಾಯಿ. "ಇಷ್ಟೇನಾ?" ಎಂದು ಅವಳ ತಾಯಿ ನಕ್ಕುಬಿಟ್ಟರು. "ಒಂದು ಕಡಲೆಕಾಯಿ ಸುಗ್ಗಿಗೇ ಆ ಗಂಡ ಹೆಂಡಿರು ಇದಕ್ಕಿಂತ ಹೆಚ್ಚು ದುಡಿಯುತ್ತಿದ್ದರು." ತಮ್ಮನವರು ಒಪ್ಪಲಿಲ್ಲ. ಒಬ್ಬನಿಗೆ ಕೊಟ್ಟರೆ ನಾಳೆ ಹತ್ತು ಜನ ಬಾಗಿಲಿಗೆ ಬರುತ್ತಾರೆ. ಪಾರ್ಕು ತಂದದ್ದು ಸರ್ಕಾರ, ಕೇಳುವುದಿದ್ದರೆ ಸರ್ಕಾರವನ್ನು ಕೇಳಲಿ. ಅವನ ಹೆಸರು ಯಾವ ಪತ್ರದಲ್ಲಿದೆ? ಅವರ ಮಾತನ್ನು ದುಷ್ಟತನವೆಂದು ತಳ್ಳಿಹಾಕುವಂತಿರಲಿಲ್ಲ. ಭೂಹೀನರ ಜೀವನೋಪಾಯಕ್ಕೆ ಸರ್ಕಾರದ ಹೊಣೆ ಇದೆ ಎಂಬುದು ಸತ್ಯ; ಧರ್ಮಸಭೆಯ ಸಾಮಾಜಿಕ ಬೋಧನೆಯೂ ಅದನ್ನೇ ಹೇಳುತ್ತದೆ. ಆದರೆ ಬೋವಜನು ಬೆತ್ಲೆಹೇಮಿನ ಹಿರಿಯರ ತೀರ್ಮಾನಕ್ಕೆ ಕಾದು ಆಮೇಲೆ ತೆನೆ ಬೀಳಿಸಲಿಲ್ಲ ಎಂದು ಅತ್ತಿಗೆ ಉತ್ತರ ಕೊಟ್ಟರು. ಅದುವರೆಗೆ ವಾಚನದ ಸಮಯದಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದ ಆಕೆಯ ಬಾಯಿಂದ ಈ ಮಾತು ಬಂದಾಗ ನನಗೆ ಎಫೆಸದ ಪ್ರಿಸಿಲ್ಲಳ ನೆನಪಾಯಿತು. ವಾಗ್ಮಿಯೂ ಶಾಸ್ತ್ರಪಾರಂಗತನೂ ಆದ ಅಪೊಲೋಸನನ್ನು ಮನೆಗೆ ಕರೆದೊಯ್ದು ಮಾರ್ಗವನ್ನು ಇನ್ನಷ್ಟು ನಿಖರವಾಗಿ ತಿಳಿಸಿದವರು ಗುಡಾರ ಹೊಲಿಯುವ ದಂಪತಿಗಳು, ಪ್ರಿಸಿಲ್ಲ ಮತ್ತು ಅಕ್ವಿಲ. ಸಂತ ಲೂಕ ಅಲ್ಲಿ ಹೆಂಡತಿಯ ಹೆಸರನ್ನು ಮೊದಲು ಬರೆದಿದ್ದಾನೆ.

ಅಣ್ಣನವರು ಆರರಲ್ಲಿ ಒಂದು ಎಕರೆಯ ಗುತ್ತಿಗೆ ಹಣವನ್ನು ವರ್ಷ ವರ್ಷ ಆ ಕೂಲಿಯವನ ಮನೆಗೆ ಕೊಡುವುದೆಂದು ನಿಶ್ಚಯಿಸಿದರು. ತಮ್ಮನವರು ಕಾಫಿ ಕುಡಿಯದೆ ಎದ್ದುಹೋದರು.

ಇಷ್ಟಕ್ಕೆ ಮುಗಿದಿದ್ದರೆ ಇದೊಂದು ಒಳ್ಳೆಯ ಪ್ರಬೋಧನೆಯ ದೃಷ್ಟಾಂತವಾಗುತ್ತಿತ್ತು. ಆದರೆ ಆ ಮನುಷ್ಯ ಹಣವನ್ನು ತೆಗೆದುಕೊಳ್ಳಲಿಲ್ಲ. ದುಡಿಯದ ಕಾಸು ಬೇಡ, ನಾನೇನು ಭಿಕ್ಷಕ್ಕೆ ಬಂದವನಲ್ಲ ಎಂದನಂತೆ. ಯಜಮಾನರಿಗೆ ನೋವಾಯಿತು, ಒಳ್ಳೆಯದನ್ನು ಮಾಡಲು ಹೋದರೆ ಹೀಗೆ ಎಂದು ನನ್ನೊಡನೆ ಹೇಳಿಕೊಂಡರು. ನಾವು ಪುನಃ ರೂತಳ ಎರಡನೆಯ ಅಧ್ಯಾಯಕ್ಕೆ ಹೋದೆವು. ಆಗ ನಮ್ಮೆಲ್ಲರ ಕಣ್ಣಿಗೆ ಬಿದ್ದ ಸಂಗತಿಯನ್ನು ನಾನು ಮೂವತ್ತು ವರ್ಷ ಆ ಗ್ರಂಥದ ಮೇಲೆ ಪ್ರಬೋಧನೆ ಮಾಡಿಯೂ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ರೂತಳಿಗೆ ಯಾರೂ ಧಾನ್ಯದ ಚೀಲವನ್ನು ಮನೆಗೆ ಕಳುಹಿಸಿ ಕೈ ತೊಳೆದುಕೊಳ್ಳಲಿಲ್ಲ. ಅವಳು ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಆಯ್ದಳು, ತಾನೇ ಬಡಿದು ಕಾಳು ಮಾಡಿದಳು. ಕಟ್ಟಳೆ ಬಡವನಿಗೆ ಕಾಯ್ದಿಟ್ಟದ್ದು ದಾನವನ್ನಲ್ಲ, ದುಡಿದು ತಿನ್ನುವ ಅವಕಾಶವನ್ನು. ಕೂಲಿಯವನು ಯಾಜಕಕಾಂಡವನ್ನು ಓದಿದವನಲ್ಲ; ಅದರ ಅರ್ಥ ನಮಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಮುಂದಿನ ಸಲ ಯಜಮಾನರು ಅವನನ್ನು ಕರೆಸಿದರು. ವಾಚನಕ್ಕಲ್ಲ, ಮಾತುಕತೆಗೆ. ಬಂದವನು ಜಗಲಿಯ ತುದಿಯಲ್ಲಿ ಕುಳಿತ. ಅಗಸ್ಟೀನನ ಸಲಹೆಯಂತೆ ಒಳಗೆ ಕುರ್ಚಿ ಹಾಕಿಸಿದರೂ ಒಳಗೆ ಬರಲಿಲ್ಲ. ಗುತ್ತಿಗೆಗೆ ಸೇರದೆ ಉಳಿದಿರುವ ಒಂದು ತುಂಡು ನೆಲದ ಪ್ರಸ್ತಾಪವನ್ನು ಎತ್ತಿದವನು ಅವನೇ. ಕೆರೆಯಂಗಳದ ಪಕ್ಕದಲ್ಲಿ ಎಕರೆಯಷ್ಟು ತಗ್ಗು, ಜಾಲಿ ಬೆಳೆದು ಹಾಳುಬಿದ್ದದ್ದು. "ಅಲ್ಲಿ ಹಿಂದೆ ತಲಪರಿಗೆ ಇತ್ತು" ಎಂದ.

ತಲಪರಿಗೆ ಎಂಬ ಪದವನ್ನು ಇತರ ಸೀಮೆಯ ಓದುಗರು ಕೇಳಿರಲಾರರು. ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕುಗಳ ಮರಳುನೆಲದಲ್ಲಿ ಕೆಲವು ಅಡಿ ತೋಡಿದರೆ ಸೆಲೆ ಒಡೆದು ನೀರು ತಾನಾಗಿಯೇ ಬರುತ್ತಿತ್ತು. ಅದನ್ನು ಕಾಲುವೆಯ ಮೂಲಕ ಗದ್ದೆಗೋ ಕೆರೆಗೋ ಹರಿಸುತ್ತಿದ್ದರು. ನೀರು ಪಡೆಯುವವರೆಲ್ಲ ಕೂಡಿ ಅದರ ಹೂಳು ತೆಗೆಯಬೇಕಾಗಿತ್ತು. ಕೊಳವೆಬಾವಿಗಳು ನೂರಾರು ಅಡಿ ಇಳಿದ ಮೇಲೆ, ಹಳ್ಳಗಳ ಮರಳು ಲಾರಿ ಹತ್ತಿದ ಮೇಲೆ ಸೆಲೆಗಳು ಬತ್ತಿದವು. ಹೂಳು ತೆಗೆಯುವ ಪದ್ಧತಿ ಅವುಗಳೊಂದಿಗೆ ಮರೆಯಾಯಿತು. ಕೆಲವು ಕಡೆ ಊರವರೂ ಸ್ವಯಂಸೇವಾ ಸಂಸ್ಥೆಗಳೂ ಸೇರಿ ಹಳೆಯ ತಲಪರಿಗೆಗಳನ್ನು ಮತ್ತೆ ತೆರೆದಿದ್ದಾರೆ. ಈ ಸೀಮೆಗೆ ಬಂದ ಹೊಸತರಲ್ಲಿ ಒಬ್ಬ ಹಿರಿಯರು ಅಂಥ ಒಂದನ್ನು ನನಗೆ ತೋರಿಸಿದ್ದರು. ಮೊಣಕಾಲು ಆಳದ ಗುಂಡಿಯ ತಳದಲ್ಲಿ ಮರಳಿನ ಕಣಗಳು ಕುಣಿಯುತ್ತಿದ್ದುದನ್ನು ನೋಡುತ್ತ ನಾನು ಎಷ್ಟೋ ಹೊತ್ತು ನಿಂತಿದ್ದೆ.

ಆ ಸಂಜೆ ಯೋಜಿಸಿರದ ಒಂದು ಪಾಠವನ್ನು ಓದಿದೆವು. ಆದಿಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಇಸಾಕನು ತನ್ನ ತಂದೆ ಅಬ್ರಹಾಮನ ಕಾಲದಲ್ಲಿ ತೋಡಿಸಿದ್ದ, ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದ ಬಾವಿಗಳನ್ನು ಮತ್ತೆ ತೋಡಿಸುತ್ತಾನೆ. ತಂದೆ ಇಟ್ಟಿದ್ದ ಹೆಸರುಗಳನ್ನೇ ಅವಕ್ಕೆ ಇಡುತ್ತಾನೆ. ಮೊದಲು ತೋಡಿದ ಎರಡು ಹೊಸ ಬಾವಿಗಳಿಗಾಗಿ ಜಗಳವಾಗುತ್ತದೆ, ಬಿಟ್ಟು ಮುಂದೆ ಹೋಗುತ್ತಾನೆ, ಮೂರನೆಯದಕ್ಕೆ ಜಗಳವಿಲ್ಲ. ಮಗಳು ಕನ್ನಡದಲ್ಲಿ ಓದಿದಳು, ಅವಳ ತಾಯಿ ಜಗಲಿಯ ಕಡೆಗೆ ತಿರುಗಿ ತೆಲುಗಿನಲ್ಲಿ ವಿವರಿಸಿದರು. ಅವನು ಆಸಕ್ತಿಯಿಂದ ಕೇಳಿ, ಜಗಳವಾದ ಬಾವಿಗಳನ್ನು ಆಮೇಲೆ ಯಾರು ಇಟ್ಟುಕೊಂಡರು ಎಂದು ಪ್ರಶ್ನಿಸಿದ. ಬೈಬಲಿನಲ್ಲಿ ಅದಿಲ್ಲ ಎಂದು ಹೇಳಬೇಕಾಯಿತು.

ಯಾರ ಮನಃಪರಿವರ್ತನೆಯ ಕಥೆಯನ್ನೂ ನಾನು ಇಲ್ಲಿ ಹೇಳುತ್ತಿಲ್ಲ. ಅವನು ತನ್ನ ದೇವರಿಗೆ ಕೈಮುಗಿಯುತ್ತಾನೆ, ಇವರು ಜಪಮಾಲೆ ಹೇಳುತ್ತಾರೆ. ತಗ್ಗಿನ ಜಾಲಿಯನ್ನು ಇಬ್ಬರೂ ಸೇರಿ ಕಡಿಯುವುದು, ನೀರು ಬಂದರೆ ನೆಲವನ್ನು ಅವನು ಮಾಡುವುದು, ಬೆಳೆದುದರಲ್ಲಿ ಮೂರು ಪಾಲು ಅವನಿಗೆ, ಒಂದು ಪಾಲು ಇವರಿಗೆ ಎಂದು ಮಾತಾಗಿದೆ. ಯಜಮಾನರು ಮಾತು ಹಾಗೆಯೇ ಗಾಳಿಯಲ್ಲಿ ಹೋಗಬಾರದೆಂದು ಕಾಗದದಲ್ಲಿ ಬರೆಸಿದರು. ಈ ಸಲ ಪತ್ರದಲ್ಲಿ ಅವನ ಹೆಸರಿದೆ. ತಮ್ಮನವರು ಮನೆಗೆ ಬರುವುದನ್ನು ನಿಲ್ಲಿಸಿಲ್ಲ, ವಾಚನಕ್ಕೆ ಮಾತ್ರ ಕೂರುವುದಿಲ್ಲ.

2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಉಪದೇಶಿಗಳ ಸೇವೆಯನ್ನು ಧರ್ಮಸಭೆಯ ಒಂದು ಅಧಿಕೃತ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ಶ್ರೀಸಾಮಾನ್ಯರೇ ಈ ಸೇವೆಗೆ ಮುಂದೆ ಬರಬೇಕೆಂಬುದು ಅವರ ಆಶಯವಾಗಿತ್ತು. ಬೆಂಗಳೂರು ಮಹಾಧರ್ಮಕ್ಷೇತ್ರದ ಈ ಉತ್ತರದ ಅಂಚಿನಲ್ಲಿ, ಒಂದು ಮನೆಯಿಂದ ಇನ್ನೊಂದು ಮನೆಗೆ ಮೈಲಿಗಟ್ಟಲೆ ದೂರವಿರುವಾಗ, ಆ ಸೇವೆಗೆ ಯಾರನ್ನು ಹುಡುಕಬೇಕೆಂದು ಕೇಳಿದರೆ ನಾನು ಅಡಿಗೆಮನೆಯ ಬಾಗಿಲುಗಳ ಕಡೆ ನೋಡಿ ಎನ್ನುತ್ತೇನೆ. ಇತ್ತೀಚೆಗೆ ಶಿರಾದ ಕಡೆಯ ಮೂರು ಕುಟುಂಬಗಳು ಸೇರಿ ತಮ್ಮಲ್ಲಿಯೂ ತಿಂಗಳ ವಾಚನ ಆಗಬೇಕೆಂದು ಕೇಳಿದ್ದಾರೆ. ಪಾವಗಡದ ಆ ತಾಯಿ ಅಲ್ಲಿಗೆ ಬಂದು ರೂತಳ ಗ್ರಂಥವನ್ನು ನಡೆಸಿಕೊಡಲು ಒಪ್ಪಿದ್ದಾರೆ. ಬಸ್ಸಿನ ಸಮಯ ಹೊಂದಿಸಬೇಕು.

ಕಳೆದ ಬೇಸಿಗೆಗೆ ಮುನ್ನ ಆ ತಗ್ಗಿನಲ್ಲಿ ಇಬ್ಬರೂ ಹಾರೆ ಗುದ್ದಲಿ ಹಿಡಿದು ಮೂರು ದಿನ ಅಗೆದರು. ಎದೆಯುದ್ದ ಮರಳು ತೆಗೆದಾಗ ಕೈಗೆ ಒದ್ದೆ ಹತ್ತಿತು, ನೀರು ನಿಲ್ಲಲಿಲ್ಲ. ಮಳೆಗಾಲ ಕಳೆದ ಮೇಲೆ ಇನ್ನೂ ಎರಡು ಮೊಳ ಇಳಿಸಿ ನೋಡೋಣ ಎಂದು ಗುಂಡಿಗೆ ಮುಳ್ಳು ಮುಚ್ಚಿ ಬಂದಿದ್ದಾರೆ.